ಹಿಂದಿನ ಸೈಕಲ್ ಊರು ಮುಟ್ಟುವವರೆಗೆ

ಚಳಿಗಾಲ ಕಾಲಿಡುತ್ತಿದ್ದಂತೆ ನಮ್ಮ ಗಡಿಭಾಗದ ಶಾಲೆಗಳಲ್ಲಿ, ಯುವಕರ ಕೂಟಗಳಲ್ಲಿ ದೂರದ ಸೈಕಲ್ ಪಯಣದ ಮಾತು ಏಳುತ್ತದೆ. ನಾರಾಯಣಪೇಟೆಯಿಂದ ಹೊರಟು ಮಕ್ತಲ್ ಸೇರಿ, ಜುರಾಲಾ ಅಣೆಕಟ್ಟಿನ ಬಳಿ ಕೃಷ್ಣೆಯನ್ನು ದಾಟಿ ಗದ್ವಾಲ್ ಮುಟ್ಟಿದರೆ ಎಂಬತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಒಂದು ದಿನದ ಪಯಣಕ್ಕೆ ಹದವಾದ ದೂರ. ಆದರೆ ಮಾತು ಮುಂದುವರಿದಂತೆ ಪೋಷಕರಲ್ಲಿ ಯಾರಾದರೊಬ್ಬರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಸರ್, ನಮ್ಮ ಹುಡುಗಿ ನಿಧಾನ ತುಳಿಯುತ್ತಾಳೆ. ಉಳಿದವರ ಜೊತೆ ಕಳಿಸಬಹುದೇ? ಹಿಂದೆ ಉಳಿದರೆ ಯಾರು ನೋಡುತ್ತಾರೆ?”

ಈ ಪ್ರಶ್ನೆಯನ್ನು “ಅಭ್ಯಾಸ ಮಾಡಿದರೆ ಎಲ್ಲ ಸರಿಹೋಗುತ್ತದೆ” ಎಂಬ ಒಂದು ಮಾತಿನಲ್ಲಿ ತೇಲಿಸಿಬಿಡುವುದು ಸುಲಭ. ನಮಗೆ ಅದು ಸಾಕೆನಿಸುವುದಿಲ್ಲ. ಗುಂಪಿನಲ್ಲಿ ಒಬ್ಬರು ಹಿಂದೆ ಉಳಿಯುವುದಕ್ಕೆ ಅವರ ಕಾಲಿನ ಬಲವಷ್ಟೇ ಕಾರಣವಲ್ಲ. ಗಾಳಿ, ಗಡಿಯಾರ ಮತ್ತು ಗುಂಪು ಪಾಲಿಸುವ ನಿಯಮ, ಈ ಮೂರೂ ಸೇರಿ ಸ್ವಲ್ಪ ನಿಧಾನದವರನ್ನು ತೀರ ನಿಧಾನದವರನ್ನಾಗಿ ಮಾಡುತ್ತವೆ. ಅದು ಹೇಗೆಂದು ತಿಳಿದರೆ ಪರಿಹಾರವೂ ನಮ್ಮ ಕೈಯಲ್ಲೇ ಇದೆ.

ಗಾಳಿಯ ಲೆಕ್ಕ

ಸಪಾಟು ರಸ್ತೆಯಲ್ಲಿ ಸ್ವಲ್ಪ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಎದುರಿನ ಗಾಳಿಯನ್ನು ಸೀಳುವುದಕ್ಕೆ. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಮಕ್ಕಳಿಗೆ ಇದನ್ನು ಲೆಕ್ಕದಲ್ಲೇ ತೋರಿಸಬಹುದು. ಗಂಟೆಗೆ 20 ಕಿಲೋಮೀಟರ್ ಹೋಗುವವನು ವೇಗವನ್ನು 25ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಕಾಲುಭಾಗ ಮಾತ್ರ. ಆದರೆ ಒಂದೂಕಾಲನ್ನು ಮೂರು ಸಲ ಗುಣಿಸಿದರೆ ಬರುವುದು ಹೆಚ್ಚುಕಡಿಮೆ ಎರಡು. ಅಂದರೆ ಗಾಳಿಗಾಗಿ ವ್ಯಯಿಸುವ ಶಕ್ತಿ ಇಮ್ಮಡಿಯಾಯಿತು. “ಇನ್ನೂ ಸ್ವಲ್ಪ ಜೋರಾಗಿ ತುಳಿ” ಎಂದು ಮುಂದಿನವರು ಕೂಗಿ ಹೇಳುವ ಆ ‘ಸ್ವಲ್ಪ’ದ ಬೆಲೆ ಇಷ್ಟು.

ಒಬ್ಬರ ಬೆನ್ನಹಿಂದೆ ಹತ್ತಿರದಲ್ಲಿ ಹೋಗುವವರಿಗೆ ಮುಂದಿನವರ ದೇಹವೇ ಮರೆಯಾಗಿ ಗಾಳಿಯ ಹೊಡೆತ ಸಾಕಷ್ಟು ತಗ್ಗುತ್ತದೆ. ಅನುಭವಿ ಸವಾರರು ಸಾಲಾಗಿ ಹೋಗುವುದು, ಮುಂದಿನ ಸ್ಥಾನವನ್ನು ಸರದಿಯಂತೆ ಹಂಚಿಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಈ ಮರೆ ಸಿಗುವುದು ಸಾಲಿಗೆ ಅಂಟಿಕೊಂಡಿರುವವರೆಗೆ ಮಾತ್ರ. ಒಂದು ಏರಿನಲ್ಲಿ ಇಪ್ಪತ್ತು ಮೂವತ್ತು ಮೀಟರ್ ಹಿಂದೆ ಬಿದ್ದರೆ ಸಾಕು, ಮರೆ ಕಳಚಿತು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವರೇ ಈಗ ಒಂಟಿಯಾಗಿ ಇಡೀ ಗಾಳಿಯನ್ನು ಎದುರಿಸಬೇಕು. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಗದ್ವಾಲಿನಿಂದ ಮಕ್ತಲ್ ಕಡೆಗೆ ಮರಳುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲು ನಾಡಿನ ಹೊಲಗಳ ನಡುವೆ ತಡೆಯೇ ಇಲ್ಲದೆ ಗಾಳಿ ಬಂದು ಎದೆಗೆ ತಾಗುತ್ತದೆ.

ಸೈಕಲ್ಲಿನ ಲೆಕ್ಕವೂ ಇದೆ. ನಮ್ಮ ಮಕ್ಕಳ ಬಳಿ ಇರುವುದು ಬಹುತೇಕ ಗೇರಿಲ್ಲದ ಕಬ್ಬಿಣದ ಸೈಕಲ್. ಅದರ ಪಕ್ಕದಲ್ಲಿ ಅದರ ಅರ್ಧ ತೂಕದ, ಹಲವು ಗೇರುಗಳ ಸೈಕಲ್ ತಂದ ಪಟ್ಟಣದ ಸವಾರನಿರುತ್ತಾನೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಸರಪಳಿಗೆ ಎಣ್ಣೆ ಕಾಣಿಸದಿದ್ದರೆ, ಸೀಟು ತೀರ ತಗ್ಗಾಗಿ ಮಂಡಿ ಎದೆಗೆ ಬರುವಂತಿದ್ದರೆ ಎಂಥ ಗಟ್ಟಿಗನೂ ಹಿಂದೆ ಬೀಳುತ್ತಾನೆ. ಪೆಡಲ್ ಕೆಳಗಿರುವಾಗ ಮಂಡಿ ಸ್ವಲ್ಪವೇ ಬಾಗಿರಬೇಕು, ಅದು ಸೀಟಿನ ಸರಿಯಾದ ಎತ್ತರ. ಮಗುವನ್ನು ‘ನಿಧಾನ’ ಎನ್ನುವ ಮೊದಲು ಸೈಕಲ್ಲನ್ನು ಪರೀಕ್ಷಿಸುವುದು ನ್ಯಾಯ.

ವಿಶ್ರಾಂತಿಯ ಲೆಕ್ಕ

ಗಾಳಿಗಿಂತಲೂ ಹೆಚ್ಚಿನ ಅನ್ಯಾಯ ನಡೆಯುವುದು ನಿಲುಗಡೆಗಳಲ್ಲಿ. ನಮ್ಮ ಎಂಬತ್ತು ಕಿಲೋಮೀಟರಿನ ದಾರಿಯನ್ನು ಇಪ್ಪತ್ತರಂತೆ ನಾಲ್ಕು ಹಂತ ಮಾಡಿಕೊಳ್ಳೋಣ. ಮುಂದಿನ ಗುಂಪು ಗಂಟೆಗೆ 20 ಕಿಲೋಮೀಟರ್ ಹೋಗುತ್ತದೆ, ಹಿಂದಿನ ಸವಾರಳು 16. ಮೊದಲ ಹಂತ ಮುಗಿಸಲು ಗುಂಪಿಗೆ 60 ನಿಮಿಷ ಬೇಕು, ಅವಳಿಗೆ 75. ಗುಂಪು ಮರದ ನೆರಳಲ್ಲಿ ಕುಳಿತು ನೀರು ಕುಡಿದು, ಬಾಳೆಹಣ್ಣು ತಿಂದು, ಹದಿನೈದು ನಿಮಿಷ ದಣಿವಾರಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅವಳು ಬರುತ್ತಾಳೆ. “ಬಂದಳು, ಹೊರಡೋಣ” ಎಂದು ಎಲ್ಲರೂ ಏಳುತ್ತಾರೆ.

ನಾಲ್ಕು ಹಂತಗಳ ನಡುವೆ ಮೂರು ನಿಲುಗಡೆ. ಗದ್ವಾಲ್ ಕೋಟೆ ಕಣ್ಣಿಗೆ ಬೀಳುವ ಹೊತ್ತಿಗೆ ವೇಗದವರಿಗೆ ಮುಕ್ಕಾಲು ಗಂಟೆಯ ವಿಶ್ರಾಂತಿ ಸಿಕ್ಕಿರುತ್ತದೆ, ನಿಧಾನದವಳಿಗೆ ಒಂದು ನಿಮಿಷವೂ ಇಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ, ಅವಳಿಗಾಗಿ ಕಾಯ್ದೆವೆಂದೇ ಗುಂಪಿನವರು ನಂಬಿರುತ್ತಾರೆ. ಆದರೆ ಲೆಕ್ಕ ಬೇರೆಯದನ್ನು ಹೇಳುತ್ತದೆ. ಅತಿ ಹೆಚ್ಚು ಹೊತ್ತು ತುಳಿದವಳಿಗೆ ಅತಿ ಕಡಿಮೆ ನೀರು, ಅತಿ ಕಡಿಮೆ ನೆರಳು. ನಾಲ್ಕನೆಯ ಹಂತದಲ್ಲಿ ಅವಳ ವೇಗ 16ರಿಂದ 13ಕ್ಕೆ ಇಳಿದರೆ ಆಶ್ಚರ್ಯವೇನು?

ಆದ್ದರಿಂದ ಮೊದಲ ನಿಯಮ ಇದು: ಗುಂಪಿನ ವಿಶ್ರಾಂತಿಯನ್ನು ಎಣಿಸಬೇಕಾದದ್ದು ಕೊನೆಯವರು ಬಂದ ಗಳಿಗೆಯಿಂದ. ಕೊನೆಯ ಸವಾರಳು ಬಂದು ಹತ್ತು ನಿಮಿಷ ಕುಳಿತ ಮೇಲೆ ಎಲ್ಲರೂ ಹೊರಡಲಿ. ಇಲ್ಲವೇ ಅವಳನ್ನು ಮುಂದಿನವರಿಗಿಂತ ಅರ್ಧ ಗಂಟೆ ಮೊದಲೇ, ಜೊತೆಗಾರರೊಬ್ಬರೊಡನೆ ಕಳಿಸಲಿ. ಆಗ ವೇಗದವರು ಅವಳನ್ನು ದಾರಿಯಲ್ಲಿ ಕೂಡಿಕೊಳ್ಳುತ್ತಾರೆ, ಅವಳು ಯಾರ ಬೆನ್ನನ್ನೂ ಹುಡುಕುತ್ತ ತುಳಿಯಬೇಕಾಗುವುದಿಲ್ಲ.

ಇದು ನಮ್ಮ ನಾಡಿಗೆ ಹೊಸದೇನಲ್ಲ. ಯುಗಾದಿಯ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರನ್ನು ನೋಡಿ. ವಯಸ್ಸಾದವರು ಬೆಳಗಿನ ಜಾವವೇ ಹೊರಟಿರುತ್ತಾರೆ, ಹರೆಯದವರು ಆಮೇಲೆ. ದಾರಿಯುದ್ದಕ್ಕೂ ಇರುವ ದಾಸೋಹದ ಪೆಂಡಾಲುಗಳಲ್ಲಿ ತಡವಾಗಿ ಬಂದ ಅಜ್ಜನಿಗೂ ಎಲೆ ಹಾಕುತ್ತಾರೆ. ಎಷ್ಟು ಹೊತ್ತಿಗೆ ಬಂದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನೂರು ವರ್ಷದ ಹಿಂದಿನ ಒಂದು ತೀರ್ಮಾನ

ಜಗತ್ತಿನ ದೂರಗಾಮಿ ಸೈಕಲ್ ಸವಾರರೂ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗೆ, ಸುಮಾರು 230 ಕಿಲೋಮೀಟರನ್ನು, ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಕ್ರಮಿಸಿದರು. ಅಂಥವರಿಗೆ ‘ಆಡಾಕ್ಸ್’ ಎಂಬ ಹೆಸರು ಬಂತು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಧೈರ್ಯಶಾಲಿ ಎಂದರ್ಥ. 1904ರಲ್ಲಿ ಈ ಪದ್ಧತಿ ಫ್ರಾನ್ಸಿಗೆ ಬಂತು, ಅದೇ ವರ್ಷ ಪ್ಯಾರಿಸ್ಸಿನಲ್ಲಿ ಆಡಾಕ್ಸ್ ಕ್ಲಬ್ ಪಾರಿಸಿಯಾಂ ಹುಟ್ಟಿತು. ಆರಂಭದ ನಿಯಮದಂತೆ ಎಲ್ಲರೂ ಒಬ್ಬ ನಾಯಕನ ಹಿಂದೆ, ಒಂದೇ ವೇಗದಲ್ಲಿ, ಗುಂಪಾಗಿಯೇ ಹೋಗಬೇಕಿತ್ತು. ಒಗ್ಗಟ್ಟಿನ ದೃಷ್ಟಿಯಿಂದ ಸೊಗಸಾದ ನಿಯಮವೇ. ಆದರೆ ನಾಯಕನ ವೇಗ ಹಿಡಿಸದವನಿಗೆ ಅದರಲ್ಲಿ ಸ್ಥಳವಿಲ್ಲ.

1921ರಲ್ಲಿ ಆ ಕ್ಲಬ್ಬು ಬೇರೊಂದು ದಾರಿ ಹಿಡಿಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಹೋಗಬಹುದು, ಆದರೆ ನಿಗದಿತ ಅವಧಿಯೊಳಗೆ ದೂರವನ್ನು ಮುಗಿಸಬೇಕು ಎಂಬ ಸ್ವಂತಗತಿಯ ಪಯಣಗಳನ್ನು ಅದು ಆರಂಭಿಸಿತು. ಇಂದು ‘ಬ್ರೆವೆ’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ನಡೆಯುವ ದೂರಪಯಣಗಳು ಆ ತೀರ್ಮಾನದ ಸಂತಾನ. ನಮ್ಮ ಸುತ್ತಮುತ್ತ ಹೈದರಾಬಾದ್, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿಯೂ ಇವು ನಡೆಯುತ್ತವೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಅವಧಿ. ನಡುನಡುವೆ ನಿಯಂತ್ರಣ ಕೇಂದ್ರಗಳಿರುತ್ತವೆ, ಪ್ರತಿಯೊಂದಕ್ಕೂ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇರುತ್ತದೆ. ಅಲ್ಲಿ ತಮ್ಮ ಕಾರ್ಡನ್ನು ದಾಖಲು ಮಾಡಿಸಿ ಮುಂದೆ ಸಾಗಬೇಕು.

ಈ ನಿಯಮದಲ್ಲಿ ಎರಡು ಸಂಗತಿಗಳು ನಮಗೆ ಮುಖ್ಯವಾಗಿ ಕಾಣುತ್ತವೆ. ಒಂದು, ಇಲ್ಲಿ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬುದಿಲ್ಲ. ಎಂಟು ಗಂಟೆಯಲ್ಲಿ ಮುಗಿಸಿದವರಿಗೂ ಹದಿಮೂರೂವರೆ ಗಂಟೆಯಲ್ಲಿ ಮುಗಿಸಿದವರಿಗೂ ಮನ್ನಣೆ ಒಂದೇ. ಎರಡು, ಕೇಂದ್ರ ತೆರೆಯುವ ಮೊದಲೇ ಬಂದವರು ಕಾಯಬೇಕು, ಅತಿವೇಗಕ್ಕೂ ಮಿತಿಯಿದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 1891ರಲ್ಲಿ ಮೊದಲಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಯಣಕ್ಕೆ ಇಂದು ಭಾರತದಿಂದಲೂ ಸವಾರರು ಹೋಗುತ್ತಾರೆ. ಸುಮಾರು 1200 ಕಿಲೋಮೀಟರಿನ ಆ ಪಯಣದ ಗರಿಷ್ಠ ಅವಧಿ 90 ಗಂಟೆ. ಕಿಲೋಮೀಟರುಗಳನ್ನು ಗಂಟೆಗಳಿಗೆ ಹಂಚಿ ನೋಡಿದರೆ ಗಂಟೆಗೆ ಹದಿಮೂರು ಚಿಲ್ಲರೆ ಮಾತ್ರ ಬರುತ್ತದೆ, ನಿದ್ರೆ ಊಟಗಳೂ ಅದರೊಳಗೇ ಸೇರಬೇಕು.

ನಿಧಾನದವರ ಉಳಿತಾಯ ಎಲ್ಲಿ?

ಹಾಗಾದರೆ ನಿಧಾನದ ಸವಾರ ಅವಧಿಯೊಳಗೆ ಮುಗಿಸುವುದು ಹೇಗೆ? 200 ಕಿಲೋಮೀಟರನ್ನೇ ತೆಗೆದುಕೊಳ್ಳೋಣ. ಗಂಟೆಗೆ 25 ಕಿಲೋಮೀಟರ್ ತುಳಿಯುವವನಿಗೆ ಸವಾರಿಗೆ ಬೇಕಾದದ್ದು 8 ಗಂಟೆ, ನಿಲುಗಡೆಗಳಿಗೆ ಐದೂವರೆ ಗಂಟೆ ಉಳಿಯಿತು. 18ರ ವೇಗದವನಿಗೆ ಸವಾರಿ 11 ಗಂಟೆ 7 ನಿಮಿಷ, ಉಳಿದದ್ದು 2 ಗಂಟೆ 23 ನಿಮಿಷ. 16ರ ವೇಗದವನಿಗೆ ಸವಾರಿ ಹನ್ನೆರಡೂವರೆ ಗಂಟೆ, ಕೈಯಲ್ಲಿ ಉಳಿದದ್ದು ಒಂದೇ ಗಂಟೆ. ಆದರೂ ಅವನು ಮುಗಿಸಬಲ್ಲ. ಅವನ ಗೆಲುವು ಪೆಡಲಿನಲ್ಲಿಲ್ಲ, ನಿಲುಗಡೆಯ ಶಿಸ್ತಿನಲ್ಲಿದೆ. ಚಹಾದ ಅಂಗಡಿಯಲ್ಲಿ ಹತ್ತು ನಿಮಿಷವೆಂದು ಕುಳಿತು ಅರ್ಧ ಗಂಟೆ ಹರಟಿದರೆ ಅವನ ಅರ್ಧ ಆಸ್ತಿ ಕರಗಿತು.

ಎರಡನೆಯ ಉಳಿತಾಯ ಆರಂಭದಲ್ಲಿದೆ. ಬೆಳಗಿನ ತಂಪಿನಲ್ಲಿ, ಗುಂಪಿನ ಹುಮ್ಮಸ್ಸಿನಲ್ಲಿ, ತನ್ನದಲ್ಲದ ವೇಗಕ್ಕೆ ಏರಿ ಮೊದಲ ಮೂವತ್ತು ಕಿಲೋಮೀಟರಿನಲ್ಲೇ ದಣಿಯುವುದು ಸಾಮಾನ್ಯ. ಇದಕ್ಕೊಂದು ಸರಳ ಅಳತೆಯಿದೆ. ತುಳಿಯುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ವೇಗ ಸರಿಯಿದೆ. ಒಂದೊಂದು ಪದಕ್ಕೂ ಉಸಿರು ಎಳೆಯಬೇಕಾದರೆ ಅದು ನಮ್ಮ ವೇಗವಲ್ಲ.

ಮೂರನೆಯದು ಅನ್ನ ನೀರು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು, ಹಸಿಯುವ ಮೊದಲೇ ತುತ್ತು ತುತ್ತಾಗಿ ತಿನಿಸು. ದುಬಾರಿ ಪೊಟ್ಟಣಗಳು ಬೇಕಿಲ್ಲ. ಶೇಂಗಾ ಉಂಡಿ, ಬಾಳೆಹಣ್ಣು, ಚಟ್ನಿಪುಡಿ ಸವರಿ ಸುತ್ತಿದ ರೊಟ್ಟಿ, ಉಪ್ಪು ಸಕ್ಕರೆ ಬೆರೆಸಿದ ನಿಂಬೆ ನೀರು ಸಾಕು. ಇವು ಗುಂಪಿನ ಚೀಲದಲ್ಲಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಚೀಲ ಮುಂದೆ ಹೋಗಿರುತ್ತದೆ. ಹಿಂದೆ ಉಳಿಯುವವರ ಬಳಿಯೇ ಅವರ ನೀರು, ತಿನಿಸು, ಗಾಳಿ ಪಂಪು, ಪಂಕ್ಚರಿನ ಸಾಮಾನು ಇರಬೇಕು. ಜಾಲಿಮುಳ್ಳಿನ ಸೀಮೆಯಲ್ಲಿ ಪಂಕ್ಚರ್ ಹಾಕಲು ಬಾರದವರನ್ನು ಒಂಟಿಯಾಗಿ ಬಿಡಬಾರದು.

ಕೊನೆಯ ಬೋಗಿಯ ಫಲಕ

ಕೃಷ್ಣಾ ರೈಲು ನಿಲ್ದಾಣದಲ್ಲಿ ನಿಂತು ಗಾಡಿಗಳನ್ನು ನೋಡಿದ ನಮ್ಮ ಮಕ್ಕಳಿಗೆ ಕೊನೆಯ ಬೋಗಿಯ ಹಿಂಬದಿಯಲ್ಲಿ ತೂಗುವ ಚಿಕ್ಕ ಫಲಕ ಪರಿಚಿತ. ಅದರ ಮೇಲೆ ಎಲ್, ವಿ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ, ಕೊನೆಯ ವಾಹನ ಎಂದು ಅದರ ಅರ್ಥ. ರಾತ್ರಿಯಲ್ಲಿ ಕೆಂಪು ದೀಪ ಮಿನುಗುತ್ತದೆ. ಎಂಜಿನ್ ದಾಟಿದ ಮಾತ್ರಕ್ಕೆ ನಿಲ್ದಾಣದವರು ಗಾಡಿ ಹೋಯಿತೆಂದು ತಿಳಿಯುವುದಿಲ್ಲ. ಆ ಫಲಕ ಕಣ್ಣಿಗೆ ಬಿದ್ದಾಗ ಮಾತ್ರ ಗಾಡಿ ಪೂರ್ತಿಯಾಗಿ ದಾಟಿತು, ಯಾವ ಬೋಗಿಯೂ ಕಳಚಿ ಹಿಂದೆ ಉಳಿದಿಲ್ಲವೆಂದು ಖಾತ್ರಿಯಾಗುತ್ತದೆ.

ಫ್ರಾನ್ಸಿನ ಪ್ರಸಿದ್ಧ ಸೈಕಲ್ ಸ್ಪರ್ಧೆಯಾದ ಟೂರ್ ದ ಫ್ರಾನ್ಸ್‌ನಲ್ಲಿ ಕೊನೆಯ ಸ್ಥಾನದ ಸವಾರನನ್ನು ‘ಕೆಂಪು ಲಾಟೀನು’ ಎಂದು ಕರೆಯುವುದು ರೈಲಿನ ಈ ದೀಪದಿಂದಲೇ. 1910ರಿಂದ ಆ ಸ್ಪರ್ಧೆಯಲ್ಲಿ ಎಲ್ಲರ ಹಿಂದೆ ಒಂದು ವಾಹನ ಬರುತ್ತದೆ, ಅದಕ್ಕೆ ‘ಕಸಬರಿಗೆ ಬಂಡಿ’ ಎಂಬ ಹೆಸರು. ಇನ್ನು ಆಗದು ಎಂದವರನ್ನು ಅದು ಹತ್ತಿಸಿಕೊಳ್ಳುತ್ತದೆ. ಹೆಸರು ತಮಾಷೆಯದಾದರೂ ಕೆಲಸ ಗಂಭೀರವಾದದ್ದು: ರಸ್ತೆಯ ಮೇಲೆ ಯಾರೂ ಉಳಿದಿಲ್ಲವೆಂದು ಹೇಳಬಲ್ಲದ್ದು ಅದೊಂದೇ.

ಗುಂಪು ಪಯಣ ಏರ್ಪಡಿಸುವವರು ಈ ಪದ್ಧತಿಯನ್ನು ತಪ್ಪದೆ ಪಾಲಿಸಬೇಕು. ಗಟ್ಟಿಯಾದ, ದಾರಿ ಬಲ್ಲ, ಪಂಕ್ಚರ್ ಹಾಕಬಲ್ಲ ಒಬ್ಬ ಸವಾರ ಎಲ್ಲರ ಹಿಂದೆ ಇರಲಿ. ಅವನು ಯಾರನ್ನೂ ಹಿಂದೆ ಹಾಕುವಂತಿಲ್ಲ. ಇದು ಶಿಕ್ಷೆಯ ಕೆಲಸವಲ್ಲ, ಗುಂಪಿನ ಅತ್ಯುತ್ತಮ ಸವಾರನಿಗೆ ಒಪ್ಪಿಸಬೇಕಾದ ಹೊಣೆ. ತಿರುವು ಬಂದಲ್ಲೆಲ್ಲ ಮುಂದಿನವರಲ್ಲಿ ಒಬ್ಬರು ನಿಂತು, ಹಿಂದಿನವರು ಕಣ್ಣಿಗೆ ಬಿದ್ದ ಮೇಲೆ ಮುಂದುವರಿಯಲಿ. ಹೊರಡುವಾಗ ಎಣಿಸಿದ ತಲೆಗಳನ್ನು ಪ್ರತಿ ನಿಲುಗಡೆಯಲ್ಲಿಯೂ ಎಣಿಸಲಿ. ಮಕ್ತಲ್ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 167ರಲ್ಲಿ ಲಾರಿಗಳ ಓಡಾಟವಿರುವುದರಿಂದ, ಕತ್ತಲಾಗುವ ಸಂಭವವಿದ್ದರೆ ಹಿಂಬದಿಯ ಕೆಂಪು ದೀಪ ಮತ್ತು ಬೆಳಕಿಗೆ ಹೊಳೆಯುವ ಮೇಲಂಗಿ ಇಲ್ಲದೆ ಯಾರೂ ಹೊರಡಬಾರದು. ಕತ್ತಲಿಗೆ ಮೊದಲು ಸಿಕ್ಕುವವರು ನಿಧಾನದವರೇ ಎಂಬುದನ್ನು ಮರೆಯಬಾರದು.

ಶಾಲೆಯ ದಾರಿಯೂ ಒಂದು ಗುಂಪು ಪಯಣವೇ

ವರ್ಷಕ್ಕೊಮ್ಮೆ ನಡೆಯುವ ಪಯಣಕ್ಕಿಂತ ದಿನವೂ ನಡೆಯುವ ಪಯಣ ನಮ್ಮ ಹೆಚ್ಚಿನ ಚಿಂತೆ. ಊರಿನಲ್ಲಿ ಪ್ರಾಥಮಿಕ ಶಾಲೆ, ಪ್ರೌಢಶಾಲೆ ಮತ್ತೊಂದು ಊರಿನಲ್ಲಿ. ಕನ್ನಡ ಮಾಧ್ಯಮದ ಶಾಲೆಯೇ ಬೇಕೆಂದರೆ ದೂರ ಇನ್ನೂ ಹೆಚ್ಚುವುದುಂಟು. ಎಂಟು ಕಿಲೋಮೀಟರಿನ ದಾರಿಯನ್ನು ಹುಡುಗರು ಅರ್ಧ ಗಂಟೆಯಲ್ಲಿ ಮುಟ್ಟಿದರೆ, ಗಂಟೆಗೆ 12ರಂತೆ ತುಳಿಯುವ ಎಂಟನೆಯ ತರಗತಿಯ ಹುಡುಗಿಗೆ 40 ನಿಮಿಷ ಬೇಕು. ಹತ್ತು ನಿಮಿಷದ ಅಂತರ ಅಲ್ಪವೆಂದು ತೋರುತ್ತದೆ. ಆದರೆ ಹತ್ತನೆಯ ತರಗತಿಗೆ ಬಂದಾಗ ವಿಶೇಷ ತರಗತಿಗಳು ಸಂಜೆಯವರೆಗೆ ನಡೆಯುತ್ತವೆ, ಡಿಸೆಂಬರಿನಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ. ಆಗ ಆ ಹತ್ತು ನಿಮಿಷವೆಂದರೆ ಕತ್ತಲಲ್ಲಿ ಒಂಟಿ ರಸ್ತೆ. ಎರಡು ದಿನ ಹೀಗಾದರೆ ತಾಯಿ ಹೆದರುತ್ತಾಳೆ, ಮೂರನೆಯ ದಿನ “ಇನ್ನು ಶಾಲೆ ಸಾಕು” ಎಂಬ ಮಾತು ಮನೆಯಲ್ಲಿ ಏಳುತ್ತದೆ. ಓದಿನಲ್ಲಿ ಮುಂದಿರುವ ಮಗು ಸೈಕಲ್ಲಿನಲ್ಲಿ ಹಿಂದಿದ್ದ ಕಾರಣಕ್ಕೆ ಶಾಲೆ ಬಿಡುವುದು ಎಂಥ ನಷ್ಟ!

ಈ ನಷ್ಟವನ್ನು ತಡೆಯಲು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಒಂದೇ ದಾರಿಯ ಮಕ್ಕಳನ್ನು ಒಂದು ತಂಡ ಮಾಡಿ, ಹಿರಿಯ ವಿದ್ಯಾರ್ಥಿಯೊಬ್ಬರನ್ನು ವಾರಕ್ಕೊಬ್ಬರಂತೆ ‘ಕೊನೆಯ ಬೋಗಿ’ಯಾಗಿ ನೇಮಿಸಬಹುದು. ನಿಧಾನದ ಮಗು ಸಾಲಿನ ಮುಂಭಾಗದಲ್ಲಿ, ಮೊದಲನೆಯವರ ಬೆನ್ನಿಗೇ ಇರಲಿ. ಗಾಳಿಯ ಮರೆಯೂ ಸಿಗುತ್ತದೆ, ಗುಂಪಿನ ವೇಗವೂ ತಾನಾಗಿ ಹದಕ್ಕೆ ಬರುತ್ತದೆ. ಹಿಂದಿನಿಂದ ಕೂಗಿ ನಿಲ್ಲಿಸುವ ಕಷ್ಟ ತಪ್ಪುತ್ತದೆ.

ಗಡಿನಾಡಿನ ಕನ್ನಡ ಮಕ್ಕಳಿಗೆ ಎದುರುಗಾಳಿ ಮೊದಲೇ ಹೆಚ್ಚು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ, ಅದುವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು, ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಅಂದಿನಿಂದ ಇಲ್ಲಿನ ಕನ್ನಡ ಕುಟುಂಬಗಳು ಅಲ್ಪಸಂಖ್ಯಾತರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. 2018ರ ಕಾಯ್ದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ನೆಲದ ಭಾಷೆಯನ್ನು ಕಲಿಯುವುದು ಒಳ್ಳೆಯದೇ, ನಮ್ಮ ಮಕ್ಕಳು ಅದನ್ನು ಸಂತೋಷದಿಂದ ಕಲಿಯುತ್ತಾರೆ. ಆದರೆ ಕನ್ನಡ, ತೆಲುಗು, ಇಂಗ್ಲಿಷ್ ಎಂಬ ಮೂರು ಲಿಪಿಗಳ ಹೊರೆ ಹೊತ್ತ ಮಗು ಮೂರನೆಯ ತರಗತಿಯಲ್ಲಿ ಸ್ವಲ್ಪ ತಡವಾಗಿ ಓದಿದರೆ ಅದನ್ನು ದಡ್ಡ ಎನ್ನುವುದು, ಕಬ್ಬಿಣದ ಸೈಕಲ್ಲಿನವನನ್ನು ಸೋಮಾರಿ ಎಂದಂತೆ. ಆ ಮಗುವಿಗೆ ಬೇಕಾದದ್ದು ಬೈಗುಳವಲ್ಲ, ಕೊಂಚ ಹೆಚ್ಚು ಹೊತ್ತು ಮತ್ತು ಪಕ್ಕದಲ್ಲೊಬ್ಬ ಜೊತೆಗಾರ.

ಕಳಿಸುವ ಮೊದಲು ಕೇಳಬೇಕಾದದ್ದು

ಆದ್ದರಿಂದ ಪೋಷಕರಲ್ಲಿ ನಮ್ಮ ಸಲಹೆ ಇದು. ಮಗು ನಿಧಾನವೆಂಬ ಕಾರಣಕ್ಕೆ ತಡೆಯಬೇಡಿ, ಗುಂಪನ್ನು ಪರೀಕ್ಷಿಸದೆ ಕಳಿಸಲೂ ಬೇಡಿ. ಪಯಣ ಏರ್ಪಡಿಸಿದವರನ್ನು ನಾಲ್ಕು ಪ್ರಶ್ನೆ ಕೇಳಿ. ಎಲ್ಲರ ಹಿಂದೆ ಬರುವವರು ಯಾರು? ಕೊನೆಯವರು ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ? ಆಗದವರನ್ನು ಕರೆತರಲು ವಾಹನವಿದೆಯೇ? ಸೂರ್ಯ ಮುಳುಗುವ ಎಷ್ಟು ಹೊತ್ತು ಮೊದಲು ಕೊನೆಯವರು ಊರು ಮುಟ್ಟುತ್ತಾರೆ? ಲೆಕ್ಕವನ್ನು ಮುಂದಿನವರ ವೇಗದಿಂದ ಹೇಳಿದರೆ ಒಪ್ಪಬೇಡಿ, ಹಿಂದಿನವರ ವೇಗದಿಂದ ಹೇಳಲು ಕೇಳಿ. ಈ ನಾಲ್ಕಕ್ಕೂ ಸ್ಪಷ್ಟ ಉತ್ತರ ಬಂದರೆ ನಿಶ್ಚಿಂತೆಯಿಂದ ಕಳಿಸಿ.

ಮಗುವಿಗೂ ಒಂದು ಮಾತು ಹೇಳಿ ಕಳಿಸಿ: ಆಗದಿದ್ದರೆ ಕೈಯೆತ್ತಿ ನಿಲ್ಲು, ಮೌನವಾಗಿ ಹಿಂದೆ ಬೀಳಬೇಡ. ವಾಹನ ಹತ್ತುವುದು ಸೋಲಲ್ಲ. ಮುಂದಿನ ವರ್ಷವೂ ಈ ದಾರಿ ಇಲ್ಲೇ ಇರುತ್ತದೆ, ಕೃಷ್ಣೆಯೂ ಇಲ್ಲೇ ಹರಿಯುತ್ತಿರುತ್ತಾಳೆ.